ಬಿಳಿ ಕಾಗದದ ಕೆಳಗಿನ ಹೆಸರು

ಮಾನ್ಯ ಅಧ್ಯಕ್ಷರೇ, ನನ್ನ ಬಗ್ಗೆ ಕಾಲು ಗಂಟೆ ಒಳ್ಳೆಯ ಮಾತನ್ನೇ ಆಡಿ ಈಗ ನೀರು ಕುಡಿಯುತ್ತಿರುವ ಮುಖ್ಯ ಅತಿಥಿಗಳೇ, ಅಭಿನಂದನಾ ಪತ್ರವನ್ನು ಒಂದಕ್ಷರ ತಪ್ಪದೆ ಓದಿದ ಕಾರ್ಯದರ್ಶಿಗಳೇ, ಹಳೆಯ ರೆಕಾರ್ಡು ಸಂಗ್ರಾಹಕರ ಸಂಘದ ಸದಸ್ಯರೇ, ಅವರು ಎಳೆದು ತಂದಿದ್ದಕ್ಕೆ ಬಂದು ಕೂತಿರುವ ಅವರ ಮನೆಯವರೇ, ಸಭಿಕರೇ,

ಆ ಪತ್ರದಲ್ಲಿ ‘ಹಾಡು ಹಂಚಿಕೊಂಡ ಉದಾರಿ’ ಎಂಬ ಮಾತು ನಾಲ್ಕು ಸಲ ಬಂತು. ಕೂತು ಎಣಿಸಿದೆ. ಮೊದಲ ಸಲ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನಾಲ್ಕನೆಯ ಸಲ ಎದ್ದು ಹೊರಗೆ ಹೋಗೋಣ ಅನ್ನಿಸಿತು. ನನ್ನ ಕುರ್ಚಿ ಅಧ್ಯಕ್ಷರ ಕುರ್ಚಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಹಾಗಾಗಿ ಉಳಿದೆ.

ಮನೆಯವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಹುಚ್ಚು ಯಾವುದು ಎಂದರೆ, ಊಟದ ತಟ್ಟೆಗಿಂತ ಚಿಕ್ಕದಾದ ಕಪ್ಪು ರೆಕಾರ್ಡು, ಆ ಕಡೆ ಒಂದು ಹಾಡು, ಈ ಕಡೆ ಒಂದು ಹಾಡು. ಸಿಂಗಲ್ ಎನ್ನುತ್ತೇವೆ. ಅದರಲ್ಲೂ ನಮಗೆ ಬೇಕಾದದ್ದು ಎರಡೇ ಬಗೆ. ಒಂದು ಸೋಲ್, ಅಂದರೆ ಹೊಟ್ಟೆಯಾಳದಿಂದ ಕೂಗಿ ಹಾಡುವಂಥದ್ದು. ಇನ್ನೊಂದು ತಮಾಷೆ ಹಾಡು. ಗೊರಕೆ, ಬಿಕ್ಕಳಿಕೆ, ನಾಯಿ ಬೊಗಳುವುದು, ಎಲ್ಲವೂ ತಾಳಕ್ಕೆ ಸರಿಯಾಗಿ. ಒಂದನ್ನು ಕೇಳಿ ಅಳುತ್ತೇವೆ, ಇನ್ನೊಂದನ್ನು ಕೇಳಿ ನಗುತ್ತೇವೆ. ನೀವು ಅಡುಗೆಮನೆಯಿಂದ ಕರೆದದ್ದು ಮಾತ್ರ ನಮಗೆ ಕೇಳಿಸುವುದಿಲ್ಲ.

ಇವತ್ತು ಮರುಮುದ್ರಣಗೊಂಡು ಬಿಡುಗಡೆಯಾದ ಈ ರೆಕಾರ್ಡಿನಲ್ಲಿ ಎರಡೂ ಇವೆ. ಒಂದು ಕಡೆ ‘ಬಾಗಿಲು ತೆಗಿ’ ಎಂಬ ಸೋಲ್ ಹಾಡು. ಇನ್ನೊಂದು ಕಡೆ ‘ಮೇಸ್ತ್ರಿಯವರೇ, ನೆಗಡಿ’ ಎಂಬ ಸೀನಿನ ಹಾಡು. ಹಾಡಿದವಳು ಮಿಸ್ ಮಖಮಲ್ ಎಂದು ಹೊದಿಕೆಯ ಮೇಲೆ ಅಚ್ಚಾಗಿದೆ. ಉದ್ದ ಕುತ್ತಿಗೆಯ ಸುಂದರಿಯೊಬ್ಬಳ ಚಿತ್ರವನ್ನೂ ಬರೆಸಿದ್ದಾರೆ. ಹಿಂಬದಿಯಲ್ಲಿ ‘ಈ ಗಾಯಕಿ ಯಾರು, ಎಲ್ಲಿಯವರು, ಇದ್ದಾರೋ ಇಲ್ಲವೋ ಯಾರಿಗೂ ತಿಳಿಯದು’ ಎಂದಿದೆ. ಆ ವಾಕ್ಯ ಬರೆದವನು ನಾನು.

ಸಭಿಕರೇ, ಆಕೆ ಇದ್ದಾರೆ. ಎರಡು ಬಸ್ಸು ಬದಲಿಸಿದರೆ ಮನೆ ಸಿಗುತ್ತದೆ. ಆಕೆ ನನ್ನ ಸ್ವಂತ ಅಕ್ಕ.

ಗುಸುಗುಸು ಬೇಡ, ಮೈಕು ನನ್ನ ಹತ್ತಿರವಿದೆ.

ಅಕ್ಕ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಚ್ಚುತ್ತಿದ್ದಳು. ಒಂದು ಶೆಡ್ಡು, ಅರವತ್ತು ಮಿಷನ್ನು, ಎರಡು ಕಿಟಕಿ. ಗಾಳಿಯ ತುಂಬ ಹತ್ತಿಯ ಧೂಳು. ಬೆಳಗ್ಗೆ ಒಳಗೆ ಹೋದವಳು ಸಂಜೆಯವರೆಗೆ ಸೀನುತ್ತಿದ್ದಳು. ಸೀನಿದಾಗೊಮ್ಮೆ ಗುಂಡಿ ಜಾರುತ್ತಿತ್ತು, ಗುಂಡಿ ಜಾರಿದಾಗೊಮ್ಮೆ ಮೇಸ್ತ್ರಿ ಬೈಯುತ್ತಿದ್ದ. ಆ ಬೈಗುಳ ಮತ್ತು ಆ ಸೀನು, ಎರಡನ್ನೂ ಸೇರಿಸಿ ಅವಳೇ ಹಾಡು ಕಟ್ಟಿದಳು. ಶನಿವಾರ ಸಂಜೆ ಬ್ಯಾಂಡಿನವರ ಜೊತೆ ಹಾಡಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಅದರ ಬೆನ್ನಿಗೇ ‘ಬಾಗಿಲು ತೆಗಿ’ ಹಾಡುತ್ತಿದ್ದಳು. ನಕ್ಕ ಬಾಯಿಗಳೆಲ್ಲ ಮುಚ್ಚಿಹೋಗುತ್ತಿದ್ದವು.

ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಒಂದು ಸ್ಟುಡಿಯೋ ಇತ್ತು. ಅಲ್ಲಿಯವನು ಅರ್ಧ ದಿನದಲ್ಲಿ ಎರಡು ಹಾಡನ್ನೂ ಮುಗಿಸಿ, “ಲೇಬಲ್ ಮೇಲೆ ಏನಮ್ಮ ಹೆಸರು ಹಾಕ್ಲಿ?” ಎಂದು ಕೇಳಿದನಂತೆ. “ಮನೇಲಿ ಕರೆಯೋದೇ ಹಾಕಿ” ಅಂದಳಂತೆ ಇವಳು. ಗುಬ್ಬಿ. ಅಪ್ಪ ಇಟ್ಟ ಅಡ್ಡಹೆಸರು. ಇನ್ನೂರು ಪ್ರತಿ ಒತ್ತಿದರು. ಮೂವತ್ತೋ ನಲವತ್ತೋ ಖರ್ಚಾದವು. ಉಳಿದದ್ದನ್ನು ಕರಗಿಸಿ ಬೇರೆ ಯಾರದೋ ಹಾಡು ಒತ್ತಿದರು. ತನಗೆಂದು ಇಟ್ಟುಕೊಂಡಿದ್ದ ಒಂದೇ ಪ್ರತಿಯನ್ನು ಅಕ್ಕ ನನಗೆ ಕೊಟ್ಟಳು. “ನನ್ನ ಹತ್ರ ಇದ್ರೆ ಮಕ್ಕಳು ಗೀಚಿ ಹಾಳ್ಮಾಡ್ತಾರೆ ಕಣೋ. ನಿನ್ನ ಹತ್ರ ಆದ್ರೆ ಭದ್ರವಾಗಿರುತ್ತೆ” ಅಂದಳು.

ಭದ್ರವಾಗಿಯೇ ಇಟ್ಟೆ. ಎಷ್ಟು ಭದ್ರ ಎಂದರೆ, ಅವಳಿಗೇ ಸಿಗದಷ್ಟು.

ನಮ್ಮ ಶನಿವಾರದ ಕೂಟದ ರೂಢಿ ಹಳಬರಿಗೆ ಗೊತ್ತು. ಯಾರ ಬಳಿಯೂ ಇಲ್ಲದ ಸಿಂಗಲ್ ತರಬೇಕು, ಎಲ್ಲರಿಗೂ ಕೇಳಿಸಬೇಕು. ಆದರೆ ಲೇಬಲ್ ಮೇಲೆ ಬಿಳಿ ಕಾಗದ ಅಂಟಿಸಿ, ಸುಳ್ಳು ಹೆಸರೊಂದನ್ನು ಹೇಳಬೇಕು. ಇಲ್ಲವಾದರೆ ಮರುದಿನವೇ ಹತ್ತು ಜನ ಅದೇ ಹೆಸರು ಹಿಡಿದು ಗುಜರಿ ಅಂಗಡಿಗಳಿಗೆ ನುಗ್ಗುತ್ತಾರೆ. ಹಾಡು ಹಂಚಿಕೊಳ್ಳುತ್ತೇವೆ, ಹೆಸರು ಬಚ್ಚಿಡುತ್ತೇವೆ. ಇದೇ ನಮ್ಮ ಔದಾರ್ಯ. ಇನ್ನೊಂದು ಪ್ರತಿ ಪತ್ತೆಯಾದ ದಿನ ಕಾಗದ ಕಿತ್ತು ನಿಜ ಹೆಸರು ತೋರಿಸಬೇಕು ಎಂಬುದೂ ನಿಯಮವೇ. ಎಲ್ಲರೂ ಮೈದಾ ಅಂಟು ಬಳಸುತ್ತಿದ್ದರು. ನೀರು ತಾಕಿಸಿದರೆ ಬಿಟ್ಟುಕೊಳ್ಳುತ್ತದೆ. ನಾನೊಬ್ಬನೇ ಚಪ್ಪಲಿ ಹೊಲಿಯುವವನ ಹತ್ತಿರ ಅವನ ಅಂಟು ಕೇಳಿ ತಂದೆ. ಯಾಕೆ ಅಂತೀರಾ? ನಾವು ಭೂತಗನ್ನಡಿ ಎಂದೇ ಕರೆಯುತ್ತಿದ್ದವನೊಬ್ಬ ನಮ್ಮಲ್ಲಿದ್ದ. ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡೇ ಬರುತ್ತಿದ್ದ. ನಾವು ಚಹಾಕ್ಕೆ ಎದ್ದರೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಕಾಗದದ ಅಂಚು ಎಬ್ಬಿಸಿ ಇಣುಕುತ್ತಿದ್ದ. ಅವನೇ ಈ ಹೊತ್ತು ನಮ್ಮ ಮಾನ್ಯ ಅಧ್ಯಕ್ಷರು. ನಗುತ್ತಿದ್ದಾರೆ, ನೋಡಿ. ನಗಲಿ, ಇದರಲ್ಲಿ ಅವರ ತಪ್ಪಿಲ್ಲ.

ಆ ಅಂಟಿನಿಂದ ಅಕ್ಕನ ಹೆಸರು ಮುಚ್ಚಿ ರೆಕಾರ್ಡನ್ನು ಕೂಟಕ್ಕೆ ಒಯ್ದೆ. ಹಾಡು ಮುಗಿದಾಗ ಕೂಟದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರಿದು ಎಂದರು. ಬಾಯಿಗೆ ಬಂದದ್ದನ್ನು ಹೇಳಿದೆ: ಮಿಸ್ ಮಖಮಲ್. ಕೊನೆಯ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ನಾನೇ ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದಳು. ಬಸ್ಸಿಗೆ ಕಾಯುವಾಗ ಕೇಳಿದಳು: “ಆ ಮಖಮಲ್ಲು ಯಾರೋ?”

“ಸುಮ್ನಿರಕ್ಕ, ಇದು ನಮ್ಮ ಆಟದ ರೂಢಿ. ಇನ್ನೊಂದು ಕಾಪಿ ಸಿಗ್ಲಿ, ನಿನ್ನ ಹೆಸರು ಎಲ್ರಿಗೂ ತೋರಿಸ್ತೀನಿ.”

“ಆಯ್ತಪ್ಪ. ಸಿಕ್ರೆ ಹೇಳು.”

ಸಿಕ್ಕಿತು. ಮೂರು ವರ್ಷದ ಮೇಲೆ, ಗುಜರಿ ಅಂಗಡಿಯ ಹಿಂಬದಿಯಲ್ಲಿ, ಹಳೇ ಕ್ಯಾಲೆಂಡರುಗಳ ಕಟ್ಟಿನ ಅಡಿಯಲ್ಲಿ. ಒಂದಲ್ಲ, ನಾಲ್ಕು. ನಾಲ್ಕರ ಮೇಲೂ ಗುಬ್ಬಿ ಎಂಬ ಹೆಸರು, ಒಂದು ಗೀರೂ ಇಲ್ಲದೆ. ನಾನೇನು ಮಾಡಿದೆ ಹೇಳಿ? ಓಡಿಹೋಗಿ ಅಕ್ಕನಿಗೆ ಹೇಳಿದೆನೇ? ಕೂಟಕ್ಕೆ ತಂದೆನೇ? ಅಂಗಡಿಯ ಹಿಂದಿನ ಮೆಟ್ಟಿಲ ಮೇಲಿಟ್ಟು ನಾಲ್ಕನ್ನೂ ತುಳಿದು ಮುರಿದೆ. ಇಡೀ ಲೋಕದಲ್ಲಿ ಒಂದೇ ಪ್ರತಿ ಇರಬೇಕು, ಅದು ನನ್ನ ಕಪಾಟಿನಲ್ಲಿರಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ಮೇಸ್ತ್ರಿ ಅವಳನ್ನು ಬೈದ, ನಿಜ. ಆದರೆ ಅವನಾದರೂ ಅವಳ ಹೆಸರು ಹಿಡಿದು ಬೈದ.

ಅಕ್ಕ ಆಗಾಗ ಕೇಳುತ್ತಿದ್ದಳು, “ಸಿಕ್ತೇನೋ?” “ಇಲ್ಲಕ್ಕ.” ವರ್ಷಕ್ಕೊಂದು ಸಲ, ಎರಡು ಸಲ. ಆಮೇಲೆ ಕೇಳುವುದನ್ನು ಬಿಟ್ಟಳು. ನಾನು ನೆಮ್ಮದಿಯಾಗಿದ್ದೆ. ಥೂ, ಎಂಥ ನೆಮ್ಮದಿ ಅದು.

ಮುಂದಿನದು ನಿಮಗೆ ಗೊತ್ತು. ಹಾಡು ಕ್ಯಾಸೆಟ್ಟಿಗೆ ಹೋಯಿತು, ಕ್ಯಾಸೆಟ್ಟಿನಿಂದ ಇಂಟರ್ನೆಟ್ಟಿಗೆ ಹೋಯಿತು. ಯಾರೂ ಕಾಣದ ಮಿಸ್ ಮಖಮಲ್‌ಗೆ ಲಕ್ಷ ಜನ ಅಭಿಮಾನಿಗಳಾದರು. ಒಬ್ಬ ಪಂಡಿತರು ಆಕೆ ರಾಜಮನೆತನದವಳಿರಬೇಕು ಎಂದು ಲೇಖನ ಬರೆದರು. ಅಕ್ಕ ಆ ಹೊತ್ತಿಗೆ ಕಾರ್ಖಾನೆ ಬಿಟ್ಟಿದ್ದಳು. ಆ ಸೀನು ಈಗ ಕೆಮ್ಮಾಗಿದೆ. ಎರಡು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾಳೆ. ಮರುಮುದ್ರಣದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಫೋನ್ ಮಾಡಿದಳು. “ಈಗ್ಲಾದ್ರೂ ಆ ಕಾಗದ ಕೀಳೋ. ನಾನಿರೋವಾಗ್ಲೇ ಒಂದ್ಸಲ ನನ್ನ ಹೆಸರಲ್ಲಿ ಕೇಳಿಸ್ಕೋತೀನಿ” ಅಂದಳು. ಕಾಗದ ಅಂಟಿಸಿದ ಮೇಲಿನ ಮೂವತ್ತೊಂದು ವರ್ಷದಲ್ಲಿ ಅವಳು ಏನನ್ನಾದರೂ ಬಾಯಿಬಿಟ್ಟು ಬೇಡಿದ್ದು ಅದೊಂದೇ.

ಆವತ್ತೇ ಕೂತೆ. ಬಿಸಿ ನೀರಿನಲ್ಲಿ ಬಟ್ಟೆ ಅದ್ದಿ ಒತ್ತಿದೆ. ಬ್ಲೇಡಿನ ತುದಿಯಿಂದ ಕೂದಲೆಳೆಯಷ್ಟೇ ಎಬ್ಬಿಸಿದೆ. ನನ್ನದು ರೇಡಿಯೋ ರಿಪೇರಿಯವನ ಕೈ, ನಲವತ್ತು ವರ್ಷದಲ್ಲಿ ಒಂದು ತಂತಿ ಕಡಿದದ್ದಿಲ್ಲ. ಆದರೆ ಚಪ್ಪಲಿಯ ಅಂಟು ಚಪ್ಪಲಿಯ ಅಂಟೇ. ಬಿಳಿ ಕಾಗದದ ಜೊತೆ ಲೇಬಲ್ಲೂ ಪುಡಿಪುಡಿಯಾಗಿ ಬಂತು. ಮೇಜಿನ ಮೇಲೆ ಕೂತ ಚೂರುಗಳಲ್ಲಿ ಒಂದಕ್ಷರವೂ ಓದಲಾಗಲಿಲ್ಲ. ರೆಕಾರ್ಡಿನ ಮಧ್ಯೆ ಕಪ್ಪು ಬಿಟ್ಟು ಏನೂ ಇಲ್ಲ.

ಕಾರ್ಯದರ್ಶಿಗಳ ಮನೆಗೆ ಓಡಿದೆ. ಎಲ್ಲವನ್ನೂ ಹೇಳಿದೆ, ನಾಲ್ಕು ಮುರಿದದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಸಂಘದ ನಿಯಮಾವಳಿ ತೆಗೆದು ಆರನೆಯ ನಿಯಮ ಓದಿದರು: ‘ಅಚ್ಚಾದ ಲೇಬಲ್ ಕಣ್ಣಾರೆ ಕಾಣದೆ ಯಾವ ಗಾಯಕರ ಹೆಸರನ್ನೂ ದಾಖಲಿಸತಕ್ಕದ್ದಲ್ಲ. ಬಾಯಿಮಾತು, ನೆನಪು, ನೆಂಟಸ್ತಿಕೆ ಸಾಕ್ಷಿಯಲ್ಲ.’ ಕೆಳಗೆ ನಿಯಮ ರಚಿಸಿದವರ ಸಹಿ. ನನ್ನದೇ. ಅಂದಾಜಿನಲ್ಲೇ ಹೆಸರು ಹೇಳಿಬಿಡುತ್ತಿದ್ದ ಭೂತಗನ್ನಡಿಯ ಬಾಯಿ ಮುಚ್ಚಿಸಲು ಬರೆದದ್ದು. “ಸರ್, ನೀವೇ ಬರೆದದ್ದಲ್ವಾ, ನಾನೇನು ಮಾಡ್ಲಿ?” ಎಂದರು ಪಾಪ. ಅವರು ಹೇಳಿದ್ದು ಸರಿ.

ನಿಮ್ಮ ಮುಖಗಳೂ ಅದನ್ನೇ ಹೇಳುತ್ತಿವೆ. ವಯಸ್ಸಾಯಿತು, ಏನೇನೋ ಮಾತಾಡುತ್ತಾನೆ ಅಂದುಕೊಳ್ಳುತ್ತಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಲೇಬಲ್ ನೋಡದೆ ಯಾರನ್ನೂ ನಂಬಬೇಡಿ ಎಂದು ನಿಮಗೆ ಕಲಿಸಿದವನೇ ನಾನು.

ಇವತ್ತು ಬೆಳಗ್ಗೆ ಅಕ್ಕನಿಗೆ ಫೋನ್ ಮಾಡಿದೆ. “ನೀನೇ ಬಾರಕ್ಕ, ವೇದಿಕೆ ಮೇಲೆ ಎರಡು ಸಾಲು ಹಾಡು, ಆಗ ಎಲ್ರೂ ನಂಬ್ತಾರೆ” ಅಂದೆ. ಸ್ವಲ್ಪ ಹೊತ್ತು ಕೆಮ್ಮಿದಳು. ಆಮೇಲೆ ಅಂದಳು: “ನನ್ನ ಹೆಸರನ್ನ ನಾನೇ ಬಂದು ಸಾಬೀತು ಮಾಡ್ಬೇಕೇನೋ? ಮಿಸ್ ಮಖಮಲ್‌ನ ಕರಿ, ಅವಳು ಬರ್ತಾಳೆ.” ಫೋನ್ ಇಟ್ಟಳು. ಮೊದಲ ಸಾಲಿನಲ್ಲಿ ಅವಳಿಗೆಂದು ಹಿಡಿದಿಟ್ಟ ಕುರ್ಚಿಯ ಮೇಲೆ ಯಾರದೋ ಕೊಡೆ, ಕೈಚೀಲ ಇವೆ. ಇರಲಿ ಬಿಡಿ, ತೆಗೆಯಬೇಡಿ.

ಸಂಘವು ಕೊಟ್ಟ ಫಲಕಕ್ಕೆ ಕೃತಜ್ಞತೆ. ಅದರ ಮೇಲೆ ನನ್ನ ಹೆಸರು ಎಷ್ಟು ಚೆನ್ನಾಗಿ ಕೆತ್ತಿದ್ದಾರೆ! ಕಾಗದವಲ್ಲ, ಹಿತ್ತಾಳೆ. ಯಾವ ನೀರಿಗೂ ಬಿಟ್ಟುಕೊಳ್ಳುವುದಿಲ್ಲ.

ಈಗ ಕಾರ್ಯಕ್ರಮದ ಪ್ರಕಾರ ರೆಕಾರ್ಡು ಹಾಕುತ್ತಾರೆ. ನಿರೂಪಕರು ಮಿಸ್ ಮಖಮಲ್ ಎಂದೇ ಹೇಳಲಿ, ನಿಯಮದಂತೆ ಅದೇ ಸರಿ. ನನ್ನದು ಒಂದೇ ವಿನಂತಿ. ಸೀನಿನ ಹಾಡಿನಲ್ಲಿ ಮೂರು ಸೀನು ಬರುತ್ತವೆ. ಮೊದಲಿನೆರಡು ತಮಾಷೆಗೆ ಮಾಡಿದ್ದು, ಅವಕ್ಕೆ ಧಾರಾಳವಾಗಿ ನಗಿ. ಮೂರನೆಯದು ತಾಳ ತಪ್ಪಿ ಬರುತ್ತದೆ, ಸ್ವಲ್ಪ ಬೇಗ. ಸ್ಟುಡಿಯೋದವನು ಅದನ್ನು ತೆಗೆಯದೆ ಹಾಗೇ ಬಿಟ್ಟ. ಕಾರ್ಖಾನೆಯಿಂದ ನೇರವಾಗಿ ಹೋಗಿದ್ದಳು. ತಲೆಗೂದಲಲ್ಲಿ ಇನ್ನೂ ಹತ್ತಿಯ ಧೂಳಿತ್ತು. ಅದನ್ನು ಸೀನಿದವಳು ಗುಬ್ಬಿ. ಅದಕ್ಕೆ ಮಾತ್ರ ದಯವಿಟ್ಟು ಯಾರೂ ನಗಬೇಡಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ, ನಂಬದಿದ್ದವರನ್ನೂ ಸೇರಿಸಿ, ವಂದನೆಗಳು. ನಮಸ್ಕಾರ.