ಮೇಲಿಂದ ದಾರಿ ಕಾಣಲಿಲ್ಲ

ಇಲ್ಲ ಅಣ್ಣ, ವಾಂತಿಯೇನೂ ಆಗಲಿಲ್ಲ. ಯಾಕೆ ನಗ್ತಿದ್ದೀಯ? ಬಸ್ಸಲ್ಲಿ ಆಗತ್ತೆ, ನಿಜ. ಇದು ಪುಟ್ಟ ವಿಮಾನ, ಆರು ಜನ ಕೂರೋದು… ಕಾಲು ತೆಗೀಬೇಡ, ನೀರು ಇನ್ನೂ ಬಿಸಿಯಾಗಿದೆ. ಮೂರು ದಿನ ಆ ಮರಳುಗಲ್ಲಿನ ಕಣಿವೆಯಲ್ಲಿ ಜನರನ್ನ ನಡೆಸ್ಕೊಂಡು ಸುತ್ತಾಡಿ ಬಂದಿದ್ದೀಯ, ಸ್ವಲ್ಪ ಕೂತ್ಕೋ. ಅತ್ತಿಗೆ ಬರೋ ಅಷ್ಟರಲ್ಲಿ ಹೇಳಿ ಮುಗಿಸ್ತೀನಿ.

ಹೊಸದಾಗಿ ಬಂದಿದ್ದಾರಲ್ಲ, ಕಣಿವೆಯನ್ನ ಮೇಲಿಂದ ತೋರಿಸೋರು, ಅವರೇ ಕರೆದ್ರು. ಪುಕ್ಕಟೆ. ಸುಮ್ಮನೆ ನೋಡೋಣ ಅಂತ ಹೋದೆ, ಅಷ್ಟೇ.

ಮೇಲಿಂದ ಅದು ನಮ್ಮ ಜಾಗ ಅಂತ ಗೊತ್ತೇ ಆಗಲ್ಲ. ಮಡಚಿಟ್ಟ ಕಂಬಳಿ ಥರ… ಕೆಂಪು, ಹಳದಿ, ಮತ್ತೆ ಕೆಂಪು. ನಾವು ಚೀಲ ತಲೆ ಮೇಲಿಟ್ಕೊಂಡು ಅಡ್ಡಡ್ಡ ನುಗ್ಗೋ ಸಂದಿ ಇದೆಯಲ್ಲ, ಅದೊಂದು ಕೂದಲೆಳೆ. ಅಪ್ಪ ತೋರಿಸಿದ ನೀರಿನ ಹೊಂಡ ಹುಡುಕಿದೆ, ಸಿಗಲಿಲ್ಲ. ನೀನು ನಡೆಯೋ ದಾರಿ… ಅದೂ ಕಾಣಲಿಲ್ಲ. ನಿನ್ನ ಮೂರು ದಿನದ ನಡಿಗೆ, ಬಾಯಲ್ಲಿಟ್ಟ ಪೆಪ್ಪರ್‌ಮೆಂಟು ಕರಗೋದ್ರೊಳಗೆ ಮುಗಿದುಹೋಯ್ತು.

ಹಾಗೆ ನೋಡ್ಬೇಡ. ನಾನೂ ಅವರಿಗೆ ಅದನ್ನೇ ಹೇಳಿದೆ. ಕಲ್ಲಿಗೆ ಕೈಯಿಟ್ರೆ ಅಂಗೈಗೆ ಮರಳು ಹತ್ಬೇಕು, ಬಿಸಿಲು ಹೋದ ಮೇಲೂ ಬಂಡೆಗೆ ಒರಗಿದ್ರೆ ಬೆನ್ನು ಬೆಚ್ಚಗಾಗ್ಬೇಕು, ಆಗಲೇ ಈ ಜಾಗ ನೋಡಿದ ಹಾಗೆ ಅಂದೆ. ಪಕ್ಕದಲ್ಲಿ ಕೂತಿದ್ದ ಕಂಪನಿಯವಳು, ಚೆನ್ನಾಗಿದೆ, ಇನ್ನೂ ಹೇಳಿ ಅಂದ್ಲು. ಹೇಳಿದೆ. ಆ ಅಲೆಅಲೆಯಾಗಿರೋ ಕಲ್ಲು, ಯಾವುದೋ ಕಾಲದಲ್ಲಿ ನೀರು ಆಡಿಹೋದ ಗುರುತು ಅಂತ… ಹೌದು, ನಿನ್ನ ಮಾತೇ. ನಂಗೆ ಗೊತ್ತಿರೋದೇ ನೀನು ಹೇಳಿದ್ದು, ಬೇರೆ ಎಲ್ಲಿಂದ ತರಲಿ?

ಚೆನ್ನಾಗಿತ್ತಣ್ಣ. ಕಷ್ಟ ಆಗಿರೋದೇ ಅದು. ಊರುಗೋಲು ಹಿಡಿದ ಒಬ್ಬರು ಅಜ್ಜಿ ಕಿಟಕಿಗೆ ಹಣೆ ಒತ್ತಿಕೊಂಡು ಅತ್ರು. ಅವರನ್ನ ನೀನು ಹೇಗೆ ನಡೆಸ್ತಿದ್ದೆ?

ಮುಂದಿನ ತಿಂಗಳ ತಂಡದವರಾ? ಅವರು… ಫೋನ್ ಮಾಡಿದ್ರು. ವಿಮಾನದಲ್ಲೇ ನೋಡ್ತಾರಂತೆ. ಬೇರೆ ಯಾರಾದ್ರೂ ಬರ್ತಾರೆ ಬಿಡು.

ಬೈಯೋದಾದ್ರೆ ಬೈದುಬಿಡು… ನನ್ನ ಮುಖದಲ್ಲಿ ಏನು ಹುಡುಕ್ತಿದ್ದೀಯ?

ಸುಮ್ಮನೆ ನೋಡೋಕೆ ಹೋಗಿದ್ದಲ್ಲ ಅಣ್ಣ. ವಿಮಾನದಲ್ಲಿ ಕೂತು ಕಣಿವೆ ಬಗ್ಗೆ ಹೇಳೋ ಕೆಲಸ ಕೇಳೋಕೆ ಹೋಗಿದ್ದೆ. ನಂಗೊಂದು ಸಂಬಳ ಅಂತ ಆದ್ರೆ ಮನೆ ಹೇಗೋ ನಡೆಯತ್ತೆ, ನಿನ್ನ ಕಾಲಿಗೂ ಬಿಡುವು ಸಿಗತ್ತೆ ಅಂತ. ಮಾತಾಡಿ ನೋಡೋಣ, ರೆಕಾರ್ಡ್ ಮಾಡ್ಕೋತೀವಿ ಅಂದ್ರು. ಹೂಂ ಅಂದೆ. ನೀನು ಹೇಳೋದನ್ನೆಲ್ಲ ಹೇಳಿದೆ… ಒಂದೂ ಬಿಡದೆ, ಅಪ್ಪನ ಹೊಂಡದ ಕಥೆಯೂ ಸೇರಿ. ಇಳಿದ ಮೇಲೆ, ಯಾವತ್ತಿಂದ ಬರಲಿ ಅಂತ ಕೇಳಿದೆ.

"ನೀವು ಯಾಕೆ ಬರ್ಬೇಕು? ಇನ್ಮೇಲೆ ಪ್ರತಿ ಸಲ ಈ ರೆಕಾರ್ಡನ್ನೇ ಹಾಕ್ತೀವಲ್ಲ" ಅಂದ್ಲು.