ಗುರೆಳ್ಳು ಚಟ್ನಿಪುಡಿ ಮತ್ತು ವಿಚಿತ್ರ ಕಣ

ಕಾಚಿಗೂಡ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಸುಬ್ಬರಾಯರು ಪೇಪರ್ ಹಿಡಿದು ಕೂತಿದ್ದರು. ಪಕ್ಕದ ಬೆಂಚಿನಿಂದ ತಮ್ಮೂರ ಕಡೆಯ ಕನ್ನಡ ಕಿವಿಗೆ ಬಿದ್ದದ್ದೇ ತಡ, ಹಾಳೆ ತಿರುವುವುದನ್ನೇ ಮರೆತರು. ಊರಿಗೆ ಹೊರಟ ತಾಯಿ; ಕಳಿಸಲು ಬಂದ, ಭೌತವಿಜ್ಞಾನದಲ್ಲಿ ಸಂಶೋಧನೆ ಮಾಡುವ ಮಗಳು.

“ಮಂದಿ ಕೇಳಿದ್ರ ನೀ ಏನ್ ಮಾಡಾಕತ್ತೀ ಅಂತ ಹೇಳ್ಲಿ, ವರ್ಷಾ?”

“ಸೀಸದ ಪರಮಾಣುವಿನ ನ್ಯೂಕ್ಲಿಯಸ್ ಒಂದಕ್ಕೊಂದು ಜೋರಾಗಿ ಡಿಕ್ಕಿ ಹೊಡಸ್ತಾರವ್ವಾ. ಆಗ ವಿಚಿತ್ರ ಕಣ ಅಂತ ಹುಟ್ತಾವ. ಅವನ್ನ ಹುಡುಕೋದು ನನ್ನ ಕೆಲಸ.”

“ಕಂಡಾವೇನು ನಿನಗ?”

“ಇಲ್ಲ, ನೋಡೋದ್ರಾಗ ಒಡದು ಹೋಗಿರ್ತಾವ. ಬಿಟ್ಟು ಹೋದ ಚೂರು ಅಷ್ಟ ಸಿಗ್ತಾವ.”

“ಕಣ್ಣೀಲೆ ನೋಡದ ಖಾತ್ರಿ ಹೆಂಗ?”

“ಆ ಚೂರು ಸುಮ್ಮಸುಮ್ಮನ ಅಲ್ಲಿ ಬರಾಕ ಸಾಧ್ಯನ ಇಲ್ಲ. ಅಂದಮ್ಯಾಲ ಏನೋ ಇದ್ದಿರಲೇಬೇಕು.”

ತಾಯಿ ಊರಿಗೆ ಒಯ್ಯುತ್ತಿದ್ದ ಚೀಲದಿಂದ ಖಾಲಿ ಡಬ್ಬಿಯೊಂದನ್ನು ತೆಗೆದರು.

“ಯುಗಾದಿಗೆ ನಿನಗ ಕಳಿಸಿದ ಗುರೆಳ್ಳು ಚಟ್ನಿಪುಡಿ, ಖಾಲಿ ಆಗೈತಿ. ಸಣ್ಣಾಕಿದ್ದಾಗಿಂದ ನೀ ಇದನ್ನ ಮೂಸಿಯೂ ನೋಡಿದಾಕಿ ಅಲ್ಲ.”

ಸುಬ್ಬರಾಯರು ಪೇಪರನ್ನು ತುಸು ಕೆಳಗಿಳಿಸಿದರು.

“ಕೆಟ್ಟಿತ್ತವ್ವಾ, ಚೆಲ್ಲಿದೆ.”

“ಚಟ್ನಿಪುಡಿ ಇಷ್ಟು ಲಗೂನ ಕೆಡತೈತೇನು? ಈ ವಿಚಿತ್ರ ಕಣಕ್ಕ ಹೆಸರೇನರ ಐತಿಲ್ಲೋ?”

ಮಗಳು ನೆಲ ನೋಡುತ್ತ ಹೇಳಿದಳು: “ನಿಶಾಂತ.”

ಅಷ್ಟರಲ್ಲಿ ಟ್ರೇನಿನ ಅನೌನ್ಸ್‌ಮೆಂಟ್ ಆಯಿತು. ತಾಯಿ ಎದ್ದು ಸೆರಗು ಸರಿಮಾಡಿಕೊಂಡು, ಚೀಲವನ್ನು ಮಗಳ ಕೈಗೆ ಕೊಟ್ಟು ಬಾಗಿಲ ಕಡೆ ನಡೆದರು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಕರಗುವ ಮೊದಲು ಅವರ ದನಿ ಇನ್ನೊಮ್ಮೆ ಕೇಳಿತು:

“ಉಪ್ಪು ಸರಿ ಇತ್ತಂತೇನು ಅವಂಗ?”