ಎಡಗಡೆಯದು

ಕಂಡವರ ಮಾತಿಗೆ ಕಿವಿ ಕೊಡಬಾರದೆಂದು ದರ್ಜಿಗೆ ಗೊತ್ತಿತ್ತು. ಆದರೆ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಮುಂದಿನ ಸೀಟಿನ ಮಾತು ತಾನಾಗಿಯೇ ಬಂದು ಕಿವಿಗೆ ಬಿತ್ತು. ಕೂತಿದ್ದವನು ಬಟ್ಟೆ ಗಿರಣಿಯವನು, ಭುಜದ ತುಂಬ ಹತ್ತಿಯ ನವಿರು. ಅವನ ಎಡಕ್ಕೆ ಅಕ್ಕ, ಅವಳ ಕೈಯಲ್ಲಿ ಹೊಸ ಇಯರ್‌ಬಡ್ಸ್‌ನ ಡಬ್ಬಿ.

“ಇದೂ ಅಷ್ಟೇ ಅಕ್ಕಾ. ಬಲಗಡೇದು ಖಣಖಣ ಅಂತಿದೆ, ಎಡಗಡೇದು ಸತ್ತೋಗಿದೆ.”

“ಹಳೇದಕ್ಕೂ ಹಿಂಗೇ ಅಂದಿದ್ದೆ.”

“ಹಳೇದು ಕಿವೀಲಿ ಕೂರ್ತಾನೇ ಇರ್ಲಿಲ್ಲ, ಬಗ್ಗಿದ್ರೆ ಬಿದ್ದೋಗೋದು. ಇದು ಗಟ್ಟಿಯಾಗಿ ಕೂತಿದೆ, ಸೌಂಡೇ ಇಲ್ಲ.”

“ದೊಡ್ಡ ರಬ್ಬರ್ ಹಾಕಿ ನೋಡು.”

“ನೋಡ್ದೆ. ಮಗ್ಗದ ಸದ್ದು ಒಳಗೇ ಬರಲ್ಲ ಅಂದಿದ್ದ ಅಂಗಡಿಯವ್ನು. ಬರೀ ಬುರುಡೆ.”

“ಮಗ್ಗದ ಹತ್ರ ಇದನ್ನ ಹಾಕ್ಕೊಳ್ತೀಯಾ? ಗಿರಣೀಲಿ ಕೊಡೋ ಇಯರ್‌ಪ್ಲಗ್ ಏನಾಯ್ತು?”

“ಅದ್ರಲ್ಲಿ ಹಾಡು ಬರುತ್ತಾ? ಇದಕ್ಕೆ ಸೌಂಡ್ ಪೂರ್ತಿ ಕೊಟ್ರೆ ಮಗ್ಗದ ಸದ್ದು ಮುಚ್ಚೋಗುತ್ತೆ.”

ಅಕ್ಕ ಅವನ ಎಡಗಿವಿಯದನ್ನು ತೆಗೆದು, ಕರವಸ್ತ್ರದಲ್ಲಿ ಒರೆಸಿ, ತನ್ನ ಕಿವಿಗಿಟ್ಟುಕೊಂಡಳು. ಮರುಕ್ಷಣವೇ ಬೆಚ್ಚಿಬಿದ್ದು ಕಿತ್ತಳು. ಅವಳ ಅಂಗೈಯಿಂದ ಹಾಡು ಹಿಂದಿನ ಸೀಟಿನ ದರ್ಜಿಗೂ ಕೇಳಿಸಿತು.

“ನೋಡ್ದ್ಯಾ? ಸತ್ತೋಗಿದೆ ತಾನೇ?” ಅವನು ಬಲಗಿವಿಯದನ್ನೂ ತೆಗೆದು ಅವಳ ಕೈಗಿಟ್ಟ.

ಅವಳು ಎರಡನ್ನೂ ಒಳಗಿಟ್ಟು ಡಬ್ಬಿ ಮುಚ್ಚಿದಳು. “ಡಾಕ್ಟರ ಹತ್ರ ಹೋಗೋಣ ಕಣೋ,” ಅಂದಳು ಮೆಲ್ಲಗೆ.

ತಮ್ಮ ಕಿಟಕಿಯ ಕಡೆ ನೋಡುತ್ತಲೇ ಇದ್ದ. ಆಮೇಲೆ ಗಾಜಿನಲ್ಲಿ ಅವಳ ತುಟಿ ಆಡಿದ್ದು ಕಂಡು ತಿರುಗಿದ. “ಏನಂದೆ?”

“ವಾಪಸ್ ಕೊಡೋಣ ಅಂದೆ. ಏಳು, ಸ್ಟಾಪ್ ಬಂತು.”

ಇಬ್ಬರೂ ಇಳಿದರು. ದರ್ಜಿ ಕಿಟಕಿಯಿಂದ ನೋಡುತ್ತಿದ್ದ. ಫುಟ್‌ಪಾತಿನ ಮೇಲೆ ಅಕ್ಕ ತಮ್ಮನನ್ನು ಬಳಸಿಕೊಂಡು ಅವನ ಬಲಗಡೆಗೆ ಬಂದಳು. ಆಮೇಲೇ ಬಾಯಿ ತೆರೆದಳು.